ಮರಕ್ಕೆ ಕೆನ್ನೆಯಿಟ್ಟವನು

ಮಕ್ಕಳ ಕೆನ್ನೆಗೆ ಕೆನ್ನೆ ತಾಗಿಸುವವರನ್ನು ಎಲ್ಲ ಊರಿನವರೂ ಕಂಡಿದ್ದಾರೆ; ಮೇಜಿಗೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ಉಸಿರನ್ನೂ ಬಿಗಿಹಿಡಿದು ಬಾಗಿ ನಿಲ್ಲುವವನನ್ನು ಮಾತ್ರ ಮಂಡ್ಯದವರೇ ಕಂಡದ್ದು. ಮರಕ್ಕೆ ಹೊಳಪು ಕೊಡುವ ಪಾಲೀಸು ಕರಿಸಿದ್ದಯ್ಯ ತನ್ನ ಕೆಲಸ ಮುಗಿಯಿತೆಂದು ಬಾಯಿಬಿಟ್ಟು ಹೇಳಿದವನಲ್ಲ. ಒರೆಸಿ ಒರೆಸಿ ಕನ್ನಡಿ ಮಾಡಿದ ಹಲಗೆಯ ಒಂದಂಚಿಗೆ ಬಲಗೆನ್ನೆಯನ್ನು ಇಟ್ಟು ಇನ್ನೊಂದು ಅಂಚಿನವರೆಗೆ ಮೆಲ್ಲಗೆ ಸರಿಸುತ್ತ ಹೋಗುತ್ತಿದ್ದ. ಎಲ್ಲಿಯೂ ತಡೆಯದಿದ್ದರೆ ನೆಟ್ಟಗಾಗಿ, ಎಡಗೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಚಪ್ಪಲಿ ಹುಡುಕುತ್ತಿದ್ದ. ತಡೆದರೆ ಮೂಗಿನಲ್ಲೇ ಒಮ್ಮೆ ಹೂಂಗುಟ್ಟಿ ಮತ್ತೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ.

ಊರು ಇದನ್ನು ಸುಮ್ಮನೆ ಬಿಟ್ಟೀತೆ? ಹೋಟೆಲಿನಲ್ಲಿ ಕಾಫಿ ತಡವಾದರೆ ಪುಂಡರು ಮೇಜಿನ ಕಲ್ಲಿಗೆ ಕೆನ್ನೆಯೊತ್ತಿ, "ಕರಿಸಿದ್ದಯ್ಯ ಬಂದವ್ರೆ, ಯಾರೂ ಮಾತಾಡ್ಬೇಡಿ" ಎನ್ನುತ್ತಿದ್ದರು. ಕೋರ್ಟು ಬೀದಿಯ ವಕೀಲರ ಮನೆಯಾಕೆಯಂತೂ, ತಮ್ಮ ಬೀರುವಿಗೆ ಸಿಕ್ಕಷ್ಟು ಮುದ್ದು ಆ ಮನುಷ್ಯನ ಹೆಂಡತಿಗೆ ಸಿಕ್ಕಿದ್ದರೆ ಅವಳು ಹೀಗೆ ಸೊರಗುತ್ತಿರಲಿಲ್ಲವೆಂದು ನೀರು ಹಿಡಿಯಲು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಕಲಾವಿದನೆಂದರೆ ಅರೆಹುಚ್ಚನೆಂದು ನಮ್ಮ ಜನ ಹೇಗೋ ತೀರ್ಮಾನಿಸಿಬಿಟ್ಟಿದ್ದಾರೆ. ಆ ತೀರ್ಮಾನವೊಂದು ಕೈಯಲ್ಲಿದ್ದರೆ ಆಮೇಲೆ ಯಾವುದನ್ನೂ ಕಣ್ಣುಬಿಟ್ಟು ನೋಡುವ ತೊಂದರೆಯಿಲ್ಲ.

ಮಂಡ್ಯ ಆಗಷ್ಟೇ ಜಿಲ್ಲೆಯಾಗಿತ್ತು. ಸಕ್ಕರೆ ಕಾರ್ಖಾನೆಯ ಹೊಗೆಯಡಿಯಲ್ಲಿ ದಿನಕ್ಕೊಂದು ಬೋರ್ಡು ಏಳುತ್ತಿದ್ದ ಕಾಲ. ಕಚೇರಿ ಬಂದ ಮೇಲೆ ಅಧಿಕಾರಿ ಬಂದ, ಅಧಿಕಾರಿ ಬಂದ ಮೇಲೆ ವಕೀಲ ಬಂದ, ಇವರೆಲ್ಲರಿಗೂ ತಮ್ಮ ತಮ್ಮ ಘನತೆಗೆ ತಕ್ಕ ಮೇಜು ಬೇಕಾಯಿತು. ಮರಗೆಲಸದವರು ನಾಲ್ಕು ದಿಕ್ಕಿನಿಂದ ಬಂದರು. ಪಾಲೀಸಿನವನು ಮಳವಳ್ಳಿ ಸೀಮೆಯ ಪೂರಿಗಾಲಿಯಿಂದ ಬಂದ. ಎಳೆಯ ವಯಸ್ಸಿನಲ್ಲೇ ಮೈಸೂರು ಸೇರಿ, ಮಂಡಿ ಮೊಹಲ್ಲದ ಒಬ್ಬ ಸಾಹೇಬರ ಬಳಿ ಕೆಲಸ ಕಲಿತ ಕರಿಸಿದ್ದಯ್ಯ, ಹೆಂಡತಿ ಚಿಕ್ಕನಂಜಮ್ಮನನ್ನೂ ಒಬ್ಬಳೇ ಮಗಳು ಹೊಂಬಾಳಮ್ಮನನ್ನೂ ಕರೆದುಕೊಂಡು ಸಂತೆಮಾಳದ ಹಿಂದಿನ ನಾಡಹೆಂಚಿನ ಮನೆಯಲ್ಲಿ ಒಕ್ಕಲಾದ.

ಅವನು ಕೆಲಸ ಮಾಡುವುದನ್ನು ನೋಡಬೇಕಿತ್ತು. ಮೊದಲು ಉಪ್ಪುಕಾಗದದಲ್ಲಿ ಮರದ ಮೈಯನ್ನು ಅದರ ನರದ ದಿಕ್ಕಿನಲ್ಲೇ ಉಜ್ಜಿ ಉಜ್ಜಿ ಹದಕ್ಕೆ ತರುತ್ತಿದ್ದ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಒಂದು ಪಿಂಗಾಣಿ ಬಟ್ಟಲಲ್ಲಿ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿ ಕಾದಿರುತ್ತಿತ್ತು. ಹತ್ತಿಯ ಉಂಡೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಒಂದು ಹನಿ ಎಣ್ಣೆ ತಾಕಿಸಿ, ಅದರ ತುದಿಯನ್ನು ಆ ಬಟ್ಟಲಿಗೆ ತಾಗಿತೋ ಇಲ್ಲವೋ ಎಂಬಂತೆ ತಾಗಿಸಿ, ಹಲಗೆಯ ಮೇಲೆ ಸುತ್ತು ಸುತ್ತಾಗಿ ಒರೆಸುತ್ತ ಹೊರಟರೆ, ಅದು ಬಳಿಯುವುದಲ್ಲ, ಬೇಡಿಕೊಳ್ಳುವುದು. ಒಂದು ಪದರ ಒರೆಸಿ, ಒಣಗಲು ಬಿಟ್ಟು, ಉಜ್ಜಿ, ಮತ್ತೊಂದು. ಅದು ಒಣಗಿ, ಇನ್ನೊಂದು. ಬಟ್ಟೆ ಮಾತ್ರ ಮುದುಕಿಯರು ಉಟ್ಟು ಉಟ್ಟು ನೂಲೇ ಸವೆದುಹೋದ ಸೀರೆಯದೇ ಆಗಬೇಕು. ಕೆಲಸಕ್ಕೆ ಹೋದ ಮನೆಯಲ್ಲೆಲ್ಲ ಅಜ್ಜಿಯರನ್ನು ಮಾತಾಡಿಸಿ, "ಅವ್ವಾ, ನಿನ್ನ ಅಳೇ ಸೀರೆ ನಂಗೆ ಕೊಡವ್ವ, ನಿನ್ನ ಮೊಮ್ಮಕ್ಳು ನಿನ್ನ ಸೀರೇಲೇ ಮಕ ನೋಡ್ಕತವೆ" ಎಂದು ಕೇಳಿ ಪಡೆಯುತ್ತಿದ್ದ.

ಒರೆಸುವ ಕೈ ನಡುವೆ ನಿಲ್ಲಕೂಡದು. ನಿಂತರೆ ಉಂಡೆ ಅಂಟಿ, ಎದ್ದ ಪದರವೆಲ್ಲ ಕಿತ್ತುಬರುತ್ತದೆ. ಒಮ್ಮೆ ಅಮಲ್ದಾರರೇ ಎದುರಿಗೆ ಬಂದು ನಿಂತು ಏನೋ ಕೇಳಿದರು. ಕರಿಸಿದ್ದಯ್ಯ ತಲೆಯೆತ್ತಲಿಲ್ಲ. ಜವಾನ ಹಲ್ಲು ಕಡಿದ. ಮತ್ತೆ ಕೇಳಿದರೂ ಕರಿಸಿದ್ದಯ್ಯನ ಕೈ ಸುತ್ತುತ್ತಲೇ ಇತ್ತು. ಮೇಜಿನ ಕೊನೆ ಮುಟ್ಟಿ, ಉಂಡೆಯನ್ನು ಗಾಳಿಗೆ ತೇಲಿಸಿದಂತೆ ಎತ್ತಿದ ಮೇಲೆಯೇ ಎದ್ದು ಕೈಮುಗಿದು, "ನಿಂತ್ರೆ ಅಂಟ್ಕತದೆ ಸ್ವಾಮಿ" ಎಂದ. ಅಮಲ್ದಾರರು ಒಳ್ಳೆಯವರು, ನಕ್ಕು ಸುಮ್ಮನಾದರು.

ಅವನ ಬಾಯಲ್ಲಿದ್ದ ಇನ್ನೊಂದು ಮಾತು "ಒಣುಗ್ಲಿ ಬುಡಿ" ಎಂಬುದು. ಮೇಜು ಯಾವತ್ತು ಕೊಡುತ್ತೀಯೆಂದರೂ ಅದೇ, ಕೂಲಿ ಯಾವತ್ತು ಇಸಿದುಕೊಳ್ಳುತ್ತೀಯೆಂದರೂ ಅದೇ, ನೆರೆಮನೆಯ ಗಂಡಹೆಂಡಿರ ಜಗಳ ಅವನ ಬಾಗಿಲಿಗೆ ಬಂದರೂ ಅದೇ. ಹೆಂಡತಿ ಸಿಡುಕುತ್ತಿದ್ದಳು, ಒಲೆಯ ಮೇಲೆ ಹಿಟ್ಟು ಸೀಯುತ್ತಿದ್ದರೂ ಈ ಪುಣ್ಯಾತ್ಮ ಒಣಗಲಿ ಎನ್ನುತ್ತಾನೆಂದು. ಮೈಮೇಲೆ ಹನ್ನೆರಡು ತಿಂಗಳೂ ಒಂದು ಕರಿಯ ಕೋಟು. ವಕೀಲರು ಕೊಟ್ಟದ್ದು, ತೋಳು ಉದ್ದ, ಜೇಬು ಆಳ. ಬೇಸಗೆಯ ಉರಿಯಲ್ಲೂ ಅದನ್ನು ತೆಗೆಯುತ್ತಿರಲಿಲ್ಲ, ಕೆಲಸವಿಲ್ಲದಾಗ ಎಡಗೈ ಆ ಜೇಬಿನಿಂದ ಈಚೆ ಬರುತ್ತಿರಲಿಲ್ಲ. ಲಾಯರಿಯ ಗತ್ತು ಬಂದಿದೆ ಕರಿಸಿದ್ದಯ್ಯನಿಗೆ ಎಂದು ಜನ ಆಡಿಕೊಂಡರು. ಇನ್ನು ಚಪ್ಪಲಿಯ ಕಥೆಯಂತೂ ಊರಿಗೇ ಗೊತ್ತು: ನಡುರಸ್ತೆಯಲ್ಲಿ ಒಂದು ಚಪ್ಪಲಿ ಕಳಚಿಹೋದರೂ ಅವನು ಇನ್ನೊಂದರಲ್ಲೇ ಪಟಪಟನೆ ನಡೆಯುತ್ತ ಹೋಗಿಬಿಡುತ್ತಿದ್ದ. ಹಿಂದಿನಿಂದ ಯಾರಾದರೂ ಕೂಗಿ ಕರೆದು ಕೊಟ್ಟರೆ ಕಾಲು ನೋಡಿಕೊಂಡು, ಪರರ ಚಪ್ಪಲಿ ಪಡೆದವನಂತೆ ನಾಚಿ ಹಾಕಿಕೊಳ್ಳುತ್ತಿದ್ದ. ಧ್ಯಾನವೆಲ್ಲ ಮರದ ಮೇಲೇ ನೋಡಿ ಪಾಪ, ಎಂದು ಕನಿಕರಿಸಿದವರೂ ಉಂಟು.

ನಕ್ಕವರ ಮೇಲೆ ಸಿಟ್ಟಿಲ್ಲ. ಕನಿಕರಿಸಿದವರನ್ನು ನೆನೆದರೆ ಈಗಲೂ ಮೈಯುರಿಯುತ್ತದೆ. ಇಷ್ಟು ಹತ್ತಿರ ನಿಂತು ನೋಡಿದಿರಲ್ಲ, ಒಬ್ಬರಿಗಾದರೂ ಹೊಳೆಯಬಾರದಿತ್ತೆ?

ಹೊಳೆದದ್ದು ಕಾಳಾಚಾರಿಗೆ, ಅದೂ ಮೂಗಿನಿಂದ. ಕಾಳಾಚಾರಿ ಪೇಟೆಯ ಮರಗೆಲಸದವನು. ಅವನು ಜೋಡಿಸಿದ್ದಕ್ಕೆ ಕರಿಸಿದ್ದಯ್ಯ ಒರೆಸಬೇಕು, ಕರಿಸಿದ್ದಯ್ಯ ಒರೆಸಲೆಂದೇ ಅವನು ಜೋಡಿಸಬೇಕು, ಅಂಥ ಸ್ನೇಹ. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಅಂಟು ಕಾಯಿಸುವ ಕೆಂಡದ ಮೇಲೆ ಕಬ್ಬಿಣದ ತಟ್ಟೆಯೊಂದು ಕಾದು ಕೂತಿತ್ತು. ಕೆಲಸದ ನಡುವೆ ಮಾತಾಡುತ್ತ ಮಾತಾಡುತ್ತ ಕರಿಸಿದ್ದಯ್ಯ ಅದರ ಅಂಚಿಗೆ ಎಡಗೈ ಊರಿ ಬಾಗಿ ನಿಂತಿದ್ದ. ಕಾಳಾಚಾರಿ ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟು ಗಾಳಿ ಮೂಸಿದ.

"ಯಾರ್ಲಾ ಅದು, ಬಾಡು ಸುಡ್ತಾ ಇರೋರು?" ಎಂದವನು ತಿರುಗಿ ನೋಡಿ ಹಾರಿಬಿದ್ದ. "ಕರಿಸಿದ್ದ, ಕೈ ತೆಗಿಲಾ."

ಕರಿಸಿದ್ದಯ್ಯ ಕೈ ತೆಗೆದು ಅಂಗೈಯನ್ನು ನೋಡಿದ. ಕಿರಿಬೆರಳೂ ಅದರ ಪಕ್ಕದ ಬೆರಳೂ ಒಳಕ್ಕೆ ಮುದುಡಿಕೊಂಡಿದ್ದವು. ಚರ್ಮ ಎದ್ದು ಬಂದಿತ್ತು. ಮುಖದಲ್ಲಿ ನೋವಿನ ಗೆರೆಯೊಂದೂ ಇರಲಿಲ್ಲ. ಕಾಳಾಚಾರಿ ಬಾಗಿಲನ್ನು ಮುಂದಕ್ಕೆಳೆದು ಬಂದು ಎದುರಿಗೆ ಕೂತ.

"ಯಾವತ್ತಿಂದ?"

"ಒಂಬಾಳಿ ಮದ್ವೆಗೂ ಮುಂದ್ಲಿಂದ ಕಣ್ಲಾ."

"ಮುಚ್ಚಿಟ್ಟು ಮದ್ವೆ ಮಾಡ್ದಾ?"

"ಬುಡ್ಸಿ ಏಳಿದ್ರೆ ಯಾರ್ ಮಾಡ್ಕತಿದ್ರು?"

ದೊಡ್ಡ ರೋಗವೆಂದು ಜನ ಹೇಳುವ ಕುಷ್ಠ ಮೊದಲು ಕಾಲಿಗೆ ಬಂತು, ಆಗ ಚಪ್ಪಲಿ ಕಳಚಿದ್ದು ತಿಳಿಯದಾಯಿತು. ಆಮೇಲೆ ಎಡಗೈಗೆ ಬಂದು ಬೆರಳು ಮುದುಡಿಸಿತು, ಅದನ್ನು ಕೋಟಿನ ಜೇಬು ನುಂಗಿತು. ಬಲಗೈಯ ಬೆರಳತುದಿಗೂ ಜೋಮು ಹತ್ತಿ, ಒರೆಸಿದ ಮರ ನುಣುಪಾಗಿದೆಯೋ ಇಲ್ಲವೋ ಎಂಬುದೇ ತಿಳಿಯದಾದ ದಿನ ಕರಿಸಿದ್ದಯ್ಯ ಬಾಗಿಲು ಹಾಕಿಕೊಂಡು ಅತ್ತಿದ್ದನಂತೆ. ಅತ್ತು, ಕಣ್ಣೊರೆಸಿಕೊಳ್ಳುವಾಗ ಕೈಗೆ ತಿಳಿಯದ ಕಣ್ಣೀರು ಕೆನ್ನೆಗೆ ತಿಳಿಯಿತು. ಮಾರನೆಯ ದಿನದಿಂದ ಮೇಜಿಗೆ ಕೆನ್ನೆಯಿಟ್ಟ. ಊರು ಅದನ್ನು ಮುದ್ದು ಎಂದುಕೊಂಡಿತು.

ಮೈಸೂರಿನಲ್ಲಿ ಒಬ್ಬ ಡಾಕ್ಟರು ಈ ರೋಗಕ್ಕೆ ಗರುಡಫಲದ ಎಣ್ಣೆಯ ಚುಚ್ಚುಮದ್ದು ಕೊಡುತ್ತಿದ್ದರು. ಅರಗು ತರುವ ನೆವದಲ್ಲಿ ಅವನು ಹೋಗಿ ಬರುತ್ತಿದ್ದ. ಯುದ್ಧ ಬಂದ ಮೇಲೆ ಅರಗೂ ಸಿಕ್ಕದೆ, ಸ್ಪಿರಿಟ್ಟೂ ಬೀಗದೊಳಗೆ ಸೇರಿ, ಆ ನೆವವೂ ತೆಳ್ಳಗಾಗುತ್ತ ಬಂದಿತ್ತು. "ಮರುಕ್ಕೂ ಎಣ್ಣೆ, ನಂಗೂ ಎಣ್ಣೆ. ಮರನಾದ್ರೂ ಈರ್ಕತದೆ" ಎಂದು ಕಾಳಾಚಾರಿಗೆ ಹೇಳಿ ನಕ್ಕ. ಒಣ ಮರದಿಂದ ಇದು ಯಾರಿಗೂ ಅಂಟುವುದಿಲ್ಲವೆಂದು ಡಾಕ್ಟರು ಆಣೆಯಿಟ್ಟು ಹೇಳಿದ್ದರು. ಹಾಗಾದರೂ ಕೆಲಸ ಬಿಡಬಾರದೇ ಎಂದು ಕಾಳಾಚಾರಿ ಕೇಳಿದ್ದಕ್ಕೆ ಬಂದ ಉತ್ತರ, ಅಮಲ್ದಾರರಿಗೆ ಕೊಟ್ಟದ್ದೇ. ನಿಂತರೆ ಅಂಟಿಕೊಳ್ಳುತ್ತದೆ, ಕೆಲಸ ನಿಲ್ಲಿಸಿದರೆ ಯಾಕೆಂದು ಜನ ಕೇಳುತ್ತಾರೆ. ಕಾಳಾಚಾರಿ ತನ್ನ ಬಾಯಿಗೆ ಬೀಗ ಹಾಕಿಕೊಂಡ. ಕೊನೆಯವರೆಗೂ ಆ ಬೀಗ ತೆಗೆಯಲಿಲ್ಲ, ಅದು ಅವನ ದೊಡ್ಡತನ.

ಹೊಂಬಾಳಮ್ಮನನ್ನು ಕೆರಗೋಡಿಗೆ ಕೊಟ್ಟಿತ್ತು. ಗದ್ದೆ, ಕಬ್ಬು, ಹಟ್ಟಿ ತುಂಬ ದನ, ಎಲ್ಲವೂ ಇದ್ದ ಮನೆ. ಗಂಡ ಸಿದ್ದರಾಮು ತಾಯಿ ಹಾಕಿದ ಗೆರೆ ದಾಟದವನು. ತಾಯಿ ಬೀರಮ್ಮ ಒಳ್ಳೆಯ ಗೆರೆಗಳನ್ನೇ ಹಾಕುವವಳು, ಒಳ್ಳೆಯ ಹೆಂಗಸೇ. ಸೊಸೆಗೆ ತಿಂಗಳು ತುಂಬುತ್ತ ಬಂದಾಗ, ಚೊಚ್ಚಲ ಬಾಣಂತನಕ್ಕೆ ತವರಿನವರು ಕರೆಯಲು ಬಂದಾರೆಂದು ಆ ಮನೆ ದಾರಿ ನೋಡಿತು. ಯಾರೂ ಬರಲಿಲ್ಲ. ಕೊನೆಗೆ ಬೀರಮ್ಮನೇ ಯುದ್ಧಕಾಲದ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಮಂಡ್ಯಕ್ಕೆ ಬಂದಿಳಿದಳು.

"ಅಲ್ಲ ಬೀಗ್ರೇ, ಎಣ್ಣೆ ನೀರು ಆಕಕ್ಕೆ ನಮ್ಮಟ್ಟೀಲೇನು ಬರ ಇಲ್ಲ. ಆದ್ರೆ ಎತ್ತ ಮಗ್ಳು ಚೊಚ್ಚಲು ಬಸ್ರಿ ಆಗಿ ತವ್ರಿನ ಬಾಗ್ಲು ಕಾಯ್ತಾವ್ಳೆ. ಕರೀದೇ ಇರದು ನ್ಯಾಯ್ವಾ?"

ಕರಿಸಿದ್ದಯ್ಯ ಕೋಟಿನ ಜೇಬಿಗೆ ಕೈಯಿಟ್ಟು ಗೋಡೆ ನೋಡುತ್ತ ನಿಂತಿದ್ದ. "ಈಗ ಆಗಕಿಲ್ಲ ತಾಯಿ."

"ಯಾಕಾಗಕಿಲ್ಲ?"

"ಆಗಕಿಲ್ಲ."

ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಬೀರಮ್ಮ ಎದ್ದು ಹೋದಳು. ಜಿಪುಣನ ಮನೆಯಿಂದ ಹೆಣ್ಣು ತಂದೆವೆಂದು ಕೆರಗೋಡು ಆಡಿಕೊಂಡಿತು. ಅಪ್ಪನಿಗೆ ಮರದ ಮೇಲಿರುವ ಪ್ರೀತಿ ಮಗಳ ಮೇಲಿಲ್ಲವೆಂದು ಮಂಡ್ಯ ಆಡಿಕೊಂಡಿತು. ಆಡುವವರ ಬಾಯಿಗೆ ಅಕ್ಕಿಕಾಳು ಹಾಕಿ ಮುಚ್ಚಲಾದೀತೆ? ಬೀಗಿತ್ತಿಯ ಬೆನ್ನು ಮರೆಯಾದ ಮೇಲೆ ಕರಿಸಿದ್ದಯ್ಯ ಹೆಂಡತಿಯ ಕಡೆ ತಿರುಗಿದ. ಅವಳೂ ಈಗ ಉಗಿಯುತ್ತಾಳೆ, ಉಗಿಯಲಿ, ಹೇಳಿಯೇ ಬಿಡೋಣವೆಂದು ಜೇಬಿನಿಂದ ಕೈ ಎಳೆಯಹೊರಟ. ಚಿಕ್ಕನಂಜಮ್ಮ ಮಜ್ಜಿಗೆಯ ಲೋಟ ಎತ್ತಿಕೊಳ್ಳುತ್ತ, "ತೆಗೀಬ್ಯಾಡ ಬುಡು, ನಂಗೊತ್ತು. ನಿನ್ನ ಬಟ್ಟೆ ಒಗ್ಯೋಳು ನಾನಲ್ವಾ" ಎಂದಳು. ಅವಳು ಸೊರಗಿದ್ದು ಯಾಕೆಂದು ವಕೀಲರ ಮನೆಯಾಕೆಗೆ ತಿಳಿದಿರಲಿಲ್ಲ.

ಹೆರಿಗೆ ಕೆರಗೋಡಿನಲ್ಲೇ ಆಯಿತು, ಹೆಣ್ಣುಮಗು. ಬಾಣಂತನ ಮಾಡದಿದ್ದರೂ ತೊಟ್ಟಿಲು ತವರಿನಿಂದಲೇ ಹೋಗಬೇಕು. ಕಾಳಾಚಾರಿ ಹಲಸಿನ ಮರದಲ್ಲಿ ತೊಟ್ಟಿಲು ಜೋಡಿಸಿದ. ನಾಲ್ಕು ಮೂಲೆಗೆ ಗಿಳಿ ಕೂರಿಸಿದ. ಒರೆಸುವ ಹೊತ್ತಿಗೆ ಕರಿಸಿದ್ದಯ್ಯ ಒಂದು ವಿಚಿತ್ರವಾದ ಸಾಮಾನು ಹಿಡಿದು ಬಂದ. ಮೊಳದುದ್ದದ ಬಿದಿರುಕಡ್ಡಿ, ಅದರ ತುದಿಗೆ ಕಟ್ಟಿದ ಬಟ್ಟೆಯುಂಡೆ. ಬಟ್ಟೆ ಚಿಕ್ಕನಂಜಮ್ಮನ ಧಾರೆಸೀರೆಯದು.

"ಇದೇನ್ಲಾ?"

"ಮುಟ್ಟಕಿಲ್ಲ ಕಣ್ಲಾ ಇದ್ನ."

"ಡಾಕ್ಟ್ರು ಏಳವ್ರಲ್ಲ, ಮರದಿಂದ ಅಂಟಕಿಲ್ಲ ಅಂತ."

"ಏಳವ್ರೆ."

ವಕೀಲರ ಮೇಜಿಗೆ ಸಾಲುವಷ್ಟಿದ್ದ ಆ ನಂಬಿಕೆ ಮೊಮ್ಮಗಳ ತೊಟ್ಟಿಲಿಗೆ ಸಾಲಲಿಲ್ಲ. ಆ ರೋಗದ ಬಗ್ಗೆ ಕೆರಗೋಡಿಗೂ ಮಂಡ್ಯಕ್ಕೂ ಇದ್ದ ಭಯ ಅವನೊಳಗೂ ಅಷ್ಟೇ ಇತ್ತು. ಅವನೂ ಈ ಊರಿನವನೇ ತಾನೆ. ಕಡ್ಡಿಯ ತುದಿಯಲ್ಲಿ ಉಂಡೆ ತಡವರಿಸಿತು. ಜನ್ಮದಲ್ಲಿ ಎಂದೂ ನಿಂತಿರದ ಕೈ ನಿಂತು ನಿಂತು ಹೋಯಿತು. ಒರೆಸಿ, ಒಣಗಿಸಿ, ಮತ್ತೆ ಒರೆಸಿ, ಬಿಸಿಲಿಗೆ ಓರೆ ಹಿಡಿದು ನೋಡಿದ. ಕೆನ್ನೆ ತಾನಾಗಿಯೇ ಬಾಗಿತು, ಹಿಂದಕ್ಕೆಳೆದುಕೊಂಡ. ಎಲ್ಲೋ ಒಂದು ಕಡೆ ಒರಟು ತರಕಲು ಉಳಿದಿದೆಯೆಂದು ಕಣ್ಣು ಹೇಳುತ್ತಿತ್ತು, ಎಲ್ಲಿಯೆಂದು ಹೇಳುತ್ತಿರಲಿಲ್ಲ.

"ನೀನ್ ಮುಟ್ಟಿ ಏಳ್ಲಾ."

ಕಾಳಾಚಾರಿ ಉದ್ದಕ್ಕೂ ಕೈಯಾಡಿಸಿದ. ಉಳಿ ಹಿಡಿದು ಜಡ್ಡುಗಟ್ಟಿದ ಅಂಗೈ, ಅದಕ್ಕೆ ಎಲ್ಲವೂ ನುಣುಪೇ. "ಚಂದಾಗದೆ ಬುಡ್ಲಾ" ಎಂದ. ಇಡೀ ಜಿಲ್ಲೆಯ ಮೇಜು ಕುರ್ಚಿಗಳಲ್ಲಿ ತಪ್ಪು ಬಿಡದ ಮನುಷ್ಯ, ತಾನು ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟು ಮಾಡಿದ ಒಂದರಲ್ಲೇ ಸೋತು, ಸೋತದ್ದು ಎಲ್ಲಿ ಎಂದೂ ತಿಳಿಯದೆ ಅದನ್ನು ಗಾಡಿಗೆ ಹೇರಿಸಿ ಕಳಿಸಿದ.

ಹೆಸರಿಡುವ ದಿನ ಹೋಗದೆ ವಿಧಿಯಿರಲಿಲ್ಲ. ಅದೂ ತಪ್ಪಿದರೆ ಸಂಬಂಧವೇ ಕಡಿಯುತ್ತದೆಂದು ಚಿಕ್ಕನಂಜಮ್ಮ ಗೋಗರೆದಳು. ಹೋದ, ಜಗಲಿಯ ಕಂಬದ ಹೊರಗೆ, ಚಪ್ಪರದ ಅಂಚಿಗೆ ನಿಂತ. ಒಳಗೆ ಹೆಂಗಸರು ಗುಂಡುಕಲ್ಲಿಗೆ ಎಣ್ಣೆ ಸವರಿ, ಕುಲಾವಿ ತೊಡಿಸಿ, ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಆಮೇಲೆ ಮಗುವನ್ನು ಮಲಗಿಸಿ ಮಂಚಮ್ಮ ಎಂದು ಕಿವಿಯಲ್ಲಿ ಹೆಸರು ಹೇಳಿದರು. ಬಂದವರೆಲ್ಲ ತೊಟ್ಟಿಲಿನ ಹೊಳಪನ್ನು ಹೊಗಳಿದರು. ಬೀರಮ್ಮನ ಮುನಿಸೂ ಅರ್ಧ ಇಳಿದಿತ್ತು. "ಬನ್ನಿ ಬೀಗ್ರೇ, ಮೊಮ್ಮಗ್ಳ ಎತ್ಕಳಿ" ಎಂದು ಕರೆದಳು.

"ಒಣುಗ್ಲಿ ಬುಡಿ ತಾಯಿ" ಎಂದುಬಿಟ್ಟ ಕರಿಸಿದ್ದಯ್ಯ. ಏನು ಹೇಳಬೇಕೆಂದು ತೋಚದೆ ಬಾಯಿಗೆ ರೂಢಿಯಾದದ್ದು ಬಂತು. ಎಲ್ಲರೂ ಗೊಳ್ಳೆಂದು ನಕ್ಕರು. ಹೊಂಬಾಳಮ್ಮನೂ ನಕ್ಕಳು, ತವರಿಗೆ ಕರೆಯಲಿಲ್ಲವೆಂಬ ನೋವೆಲ್ಲ ಆ ನಗುವಿನಲ್ಲಿ ಕರಗಿತೋ ಏನೋ, ಮಗುವನ್ನು ಎತ್ತಿಕೊಂಡು ಬಿರಬಿರನೆ ಜಗಲಿ ಇಳಿದು ಬಂದಳು.

"ಕೈಯಲ್ಲಿ ಎತ್ಕಳದು ಬ್ಯಾಡ ಅಂದ್ರೆ ಬುಡು. ಕೆನ್ನೆ ಮಡಗಿ ನೋಡಪ್ಪ, ನನ್ನ ಮಗು ನುಣ್ಗದೋ ಇಲ್ವೋ ನೀನೇ ಏಳು."

ಹೀಗೆಂದು ಮಗುವಿನ ಕೆನ್ನೆಯನ್ನು ಅಪ್ಪನ ಕೆನ್ನೆಗೆ ತಂದಳು. ಮದುವೆಗೆ ಮುಂಚೆ ದಿನವೂ ಮರಕ್ಕೆ ಕೆನ್ನೆಯಿಡುವ ಅಪ್ಪನನ್ನೇ ನೋಡಿದವಳು. ಅವನಿಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲವೆಂದು ತಿಳಿದವಳು. ಕರಿಸಿದ್ದಯ್ಯ ಬೆಂಕಿ ಕಂಡವನಂತೆ ಹಿಂದಕ್ಕೆ ಜಿಗಿದ. ಚಪ್ಪರದ ಗಳಕ್ಕೆ ಕಾಲು ಸಿಕ್ಕಿತು, ಬೀಳುತ್ತಿದ್ದವನು ಊರಿಕೊಳ್ಳಲೆಂದು ಜೇಬಿನಿಂದ ಎಡಗೈ ಎಳೆದ. ಆ ಕೈ ಕೆರಗೋಡಿನ ಹಗಲಿನಲ್ಲಿ, ನೆಂಟರಿಷ್ಟರ ನಡುವೆ, ನೆಲದ ಮೇಲೆ ಬಿಚ್ಚಿಬಿತ್ತು. ಮುದುಡಿದ ಬೆರಳು, ಮಾಗದ ಸುಟ್ಟಗಾಯ, ಮಣಿಕಟ್ಟಿನ ಬಿಳಿಚಿದ ಮಚ್ಚೆ. ನಗು ಎಲ್ಲಿಗೆ ಬಂದಿತ್ತೋ ಅಲ್ಲಿಗೇ ನಿಂತಿತು. ಯಾರೂ ಅವನನ್ನು ಎತ್ತಲಿಲ್ಲ. ಬೀರಮ್ಮ ಸೊಸೆಯ ತೋಳಿನಿಂದ ಮಗುವನ್ನು ಕಿತ್ತುಕೊಂಡಳು, ಮತ್ತೆ ಇದೂ ಅದೇ ರಕ್ತವೆಂದು ನೆನೆದು ಸೊಸೆಯ ತೋಳಿಗೇ ತಿರುಗಿ ತುರುಕಿದಳು.

ಸುದ್ದಿ ಅವನಿಗಿಂತ ಮೊದಲೇ ಮಂಡ್ಯ ಮುಟ್ಟಿತ್ತು. ಇಲಿಯನ್ನು ಹುಲಿ ಮಾಡುವ ಊರಿಗೆ ಹುಲಿಯೇ ಸಿಕ್ಕರೆ ಕೇಳಬೇಕೆ? ಆ ವಾರ ಕೋರ್ಟು ಬೀದಿಯಲ್ಲಿ ನಡೆದವರು ಎಂದೂ ಕಾಣದ್ದನ್ನು ಕಂಡರು. ಮನೆಮನೆಯ ಹಿತ್ತಿಲಲ್ಲಿ, ಅಂಗಳದಲ್ಲಿ, ಮೇಜು, ಕುರ್ಚಿ, ಬೀರು, ಮಂಚ, ಕನ್ನಡಿಯ ಚೌಕಟ್ಟು. ಹೆಣ ಎತ್ತಿದ ಮನೆಯಂತೆ ನೀರು. ಹೆಂಗಸರು ಸೆರಗು ಬಿಗಿದು, ಬೂದಿ, ಮರಳು, ಕುದಿಯುವ ಸೋಡದ ನೀರು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು. ಅರಗಿಗೆ ಬಿಸಿನೀರು ತಾಗಿದರೆ ಬೆಳ್ಳಗೆ ಬಿಳಿಚುತ್ತದೆ. ತಿಕ್ಕಿದಷ್ಟೂ ಮರದ ಮೈಮೇಲೆ ಬಿಳಿಯ ಮಚ್ಚೆಗಳೆದ್ದವು, ಮಚ್ಚೆ ಕಂಡು ಹೆದರಿ ಅವರು ಇನ್ನಷ್ಟು ತಿಕ್ಕಿದರು. ವಕೀಲರ ಮನೆಯಾಕೆ ಬೀರುವಿನ ಒಳಗಿದ್ದ ಅತ್ತೆಯ ರೇಷ್ಮೆಸೀರೆಯನ್ನೂ ಬಿಡದೆ ಕುದಿಸಿದರಂತೆ. ಕರಿಸಿದ್ದಯ್ಯ ಆ ಬೀದಿಯಲ್ಲಿ ಒಮ್ಮೆ ನಡೆದುಹೋದ. ನೀರಿನ ಸದ್ದು ಅವನು ಹತ್ತಿರ ಬಂದಾಗ ನಿಂತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಯಾರ ಬಾಯಿಗೆ ಮೊಸರೆಂದು ಗಾದೆ ಹೇಳುವುದಿಲ್ಲ.

ವಾರ ಕಳೆಯುವುದರೊಳಗೆ ಕೆರಗೋಡಿನ ಗಾಡಿ ಸಂತೆಮಾಳದ ಹಿಂದಿನ ಮನೆಯ ಮುಂದೆ ನಿಂತಿತು. ಹೊಂಬಾಳಮ್ಮ, ಮಡಿಲಲ್ಲಿ ಮಗು, ಹಿಂದೆ ಬೋರಲು ಹಾಕಿದ ತೊಟ್ಟಿಲು. ಗಾಡಿ ಹೊಡೆಯುವ ಆಳಿನ ಹೊರತು ಆ ಮನೆಯ ಯಾರೂ ಬಂದಿರಲಿಲ್ಲ. ಯಾವ ಹೊಸ್ತಿಲಿಗೆ ಈ ಮಗು ಬರಬಾರದೆಂದು ಅವನು ಜಿಪುಣನೆನಿಸಿಕೊಂಡು, ಕಲ್ಲೆದೆಯವನೆನಿಸಿಕೊಂಡು, ಹೆಂಡತಿಯ ಕಣ್ಣೀರನ್ನೂ ನುಂಗಿಸಿ ಕಾದಿದ್ದನೋ, ಅದೇ ಹೊಸ್ತಿಲಿಗೆ ಮಗುವನ್ನು ತಂದು ಇಳಿಸಿದ್ದರು.

ಕರಿಸಿದ್ದಯ್ಯ ಒಳಗಿನಿಂದ ಕೋಟು ತೊಟ್ಟುಕೊಂಡು ಬಂದ. ಗಾಡಿಯಿಂದ ದೂರ ಸರಿದು ನಿಂತು ಹೆಂಡತಿಗೆ ಹೇಳಿದ: "ನಾ ಮಲ್ಗಿದ್ ಚಾಪೆ ಸುಟ್ಬುಡು. ಗ್ವಾಡೆಗೆ ಸುಣ್ಣ ಬಳ್ಸು. ಆಮ್ಯಾಕೆ ಮಗೀನ ಒಳಿಕ್ ಕರ್ಕೊ."

"ಅಪ್ಪಾ, ನಾನು ಬಂದ್ಮೇಲೆ ನೀನು ಓಯ್ತೀಯಾ?" ಎಂದಳು ಹೊಂಬಾಳಮ್ಮ.

"ನೀನು ಬಂದೆ ಅಂತ್ಲೇ ಓಯ್ತಿರದು ಕಣವ್ವ."

ಮಗಳು ಗಾಡಿಯಿಂದ ಇಳಿಯಹೋದಳು. ಬೇಡವೆಂದು ಕೈ ಅಡ್ಡ ಮಾಡಿದ. ಮಗುವನ್ನು ದೂರದಿಂದಲೇ, ಬಿಸಿಲಿಗೆ ಹಲಗೆ ಓರೆ ಹಿಡಿದು ನೋಡುವವನಂತೆ ತಲೆ ವಾಲಿಸಿ ನೋಡಿದ. ಆಮೇಲೆ ತಿರುಗಿ ನಡೆದ. ಎಲ್ಲಿಗೆಂದು ಹೇಳಿರಲಿಲ್ಲ. ಗುರುತಿನವರಿರುತ್ತಾರೆಂದು ರೈಲನ್ನೂ ಹತ್ತಿರಲಿಲ್ಲ. ಮಾರನೆಯ ದಿನ ಕಾಳಾಚಾರಿ ಹುಡುಕುತ್ತ ಹೊರಟಾಗ, ಮದ್ದೂರಿನ ಕಡೆಯ ರಸ್ತೆಯಲ್ಲಿ ಏನೂ ಸಿಕ್ಕಲಿಲ್ಲ. ಮೈಸೂರಿನ ಕಡೆಯ ರಸ್ತೆಯಲ್ಲಿ, ಹುಣಿಸೆ ಸಾಲಿನ ನೆರಳಿನಲ್ಲಿ ಒಂದು ಚಪ್ಪಲಿ ಸಿಕ್ಕಿತು. ಅದನ್ನು ಎತ್ತಿ ಕಂಕುಳಿಗಿಟ್ಟುಕೊಂಡು ಕಾಳಾಚಾರಿ ರಸ್ತೆಯ ಬದಿಯಲ್ಲೇ ಕೂತು ಅತ್ತ.

ಮೈಸೂರಿನ ಆಚೆ ಅಂಥವರಿಗೆಂದೇ ಇದ್ದ ಒಂದು ಆಸ್ಪತ್ರೆಯಲ್ಲಿ ಅವನಿದ್ದಾನೆಂದು ತಿಳಿಯುವ ಹೊತ್ತಿಗೆ ಯುದ್ಧವೂ ಮುಗಿದಿತ್ತು. ಕಾಳಾಚಾರಿ ಆ ಚಪ್ಪಲಿಯನ್ನು ಹಿಡಿದುಕೊಂಡು ನೋಡಲು ಹೋದ. ಚಪ್ಪಲಿ ಹಾಕುವ ಪಾದ ಅಷ್ಟು ಹೊತ್ತಿಗೆ ಉಳಿದಿರಲಿಲ್ಲ. ಕರಿಸಿದ್ದಯ್ಯ ಬಾಗಿಲ ಬಳಿ ಕೂತು ಮನೆಯ ಸಮಾಚಾರ ಕೇಳಿದ. ಹೊಂಬಾಳಿ ಕೂಲಿಗೆ ಹೋಗುತ್ತಾಳೆ, ಕೆರಗೋಡಿನವರು ಮತ್ತೆ ಕರೆಯಲಿಲ್ಲ, ಮಗು ನಡೆಯುತ್ತದೆ, ಆದರೂ ತೊಟ್ಟಿಲು ಬಿಡುವುದಿಲ್ಲ ಎಂದು ಕಾಳಾಚಾರಿ ಹೇಳಿದ.

"ತೊಟ್ಲಲ್ಲಿ ಒಂದ್ ಜಾಗ ತರಕ್ಲು ಉಳ್ಕಂಡದೆ ಕಣ್ಲಾ. ಅದ್ರ ಮ್ಯಾಲೆ ಕೈ ಉಜ್ತಾ ಉಜ್ತಾನೇ ನಿದ್ದೆ ಓಯ್ತದೆ ಮಗು. ಬೇರೆ ಕಡೆ ಕೈ ಇಟ್ರೆ ಅಳ್ತದೆ."

ಕರಿಸಿದ್ದಯ್ಯನ ಮುಖ ಎಚ್ಚೆತ್ತಿತು. "ಎಲ್ಲಿ?"

"ಒಳ್ಗಡೆ. ತಲೆ ದಿಕ್ಕಿನ ಅಲ್ಗೆ, ಎಡಕ್ಕೆ."

"ಎಡಕ್ಕಾ" ಎಂದು ತನಗೆ ತಾನೇ ಹೇಳಿಕೊಂಡ. ಬಲಗೈ ಎದ್ದು ಗಾಳಿಯಲ್ಲಿ ಒಂದು ಸುತ್ತು ಒರೆಸಿ ಮಡಿಲಿಗೆ ಬಿತ್ತು. "ಇಲ್ಲಿ ಏನ್ ಬೇಕಾದ್ರೂ ಮುಟ್ಬೋದು ಕಣ್ಲಾ, ಯಾರೂ ಬ್ಯಾಡ ಅನ್ನಕಿಲ್ಲ. ಮುಟ್ಟುದ್ರೆ ಗೊತ್ತಾಗಕಿಲ್ಲ, ಅಷ್ಟೆ" ಎಂದು, ಹಿಂದಿನಂತೆಯೇ ಬಾಗಿ ಬಾಗಿಲ ಚೌಕಟ್ಟಿಗೆ ಕೆನ್ನೆಯಿಟ್ಟು ಸರಿಸಿದ. ಒರಟು ಮರ, ಸಿಬಿರೆದ್ದದ್ದು. ಕೆನ್ನೆಯಿಂದ ಸಣ್ಣಗೆ ರಕ್ತ ಒಸರಿತು. "ಈಗ ಇದೂ ಓಯ್ತು" ಎಂದ.

ಊರೆಲ್ಲ ಬಾವುಟ ಕಟ್ಟುತ್ತಿದ್ದ ಆಗಸ್ಟಿನಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಅದೇ ದಿನಗಳಲ್ಲಿ ಕೋರ್ಟು ಬೀದಿಯವರು ತಿಕ್ಕಿ ಹಾಳಾದ ಮೇಜುಗಳಿಗೆ ಬ್ರಷ್ಷಿನಲ್ಲಿ ಬಣ್ಣ ಬಳಿಸುತ್ತಿದ್ದರು; ಮಳೆಗಾಲದಲ್ಲಿ ಅದು ಒಣಗದೆ ಕಾಗದಕ್ಕೆ ಅಂಟುತ್ತದೆಂದು ಬೈದುಕೊಂಡರು.

ಇಂಥವರದೊಂದು ಕುಲವಿದೆ. ಅಕ್ಕಿಯ ಕಲ್ಲು ಆರಿಸಿದವರು, ನೂಲಿನ ಗಂಟು ಬಿಡಿಸಿದವರು, ಮರದ ಸಿಬಿರು ತೆಗೆದವರು. ಲೋಕದ ತರಕಲನ್ನೆಲ್ಲ ತಮ್ಮ ಬೆರಳಿಗೆ ತಾವೇ ತೆಗೆದುಕೊಂಡು, ಉಳಿದವರಿಗೆ ಬರಿಯ ನುಣುಪನ್ನು ಬಿಟ್ಟುಹೋಗುವವರು. ಅವರು ಒರೆಸಿದ ಹಲಗೆಯಲ್ಲಿ ನಮಗೆ ನಮ್ಮ ಮುಖವೇ ಕಾಣುತ್ತದೆ, ನೋಡಿಕೊಂಡು ಹಿಗ್ಗುತ್ತೇವೆ. ಒರೆಸಿದ ಕೈ ಕಾಣುವುದಿಲ್ಲ. ಕಂಡ ದಿನ ಮೇಜನ್ನು ಹಿತ್ತಿಲಿಗೆ ಎಳೆದು, ನೀರು ಕಾಯಿಸುತ್ತೇವೆ.